ಮೂಟೆ ದೊಡ್ಡದಾದ ವರ್ಷ

ನಮ್ಮ ಅಪ್ಪನ ಕುತ್ತಿಗೆ ಎಡಕ್ಕೆ ತಿರುಗುತ್ತಿರಲಿಲ್ಲ. ಯಾರಾದರೂ ಎಡಗಡೆಯಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದ. ಸಾಗರದ ಅಡಿಕೆ ಮಂಡಿಯಲ್ಲಿ ಮೂಟೆ ಹೊತ್ತ ಹಮಾಲರೆಲ್ಲ ಹಾಗೆಯೇ. ಒಬ್ಬನಿಗೆ ಕುತ್ತಿಗೆ, ಒಬ್ಬನಿಗೆ ಸೊಂಟ, ಇನ್ನೊಬ್ಬನಿಗೆ ಮೊಣಕಾಲು. ಪೇಟೆಯ ಜನ ಅದನ್ನು ನೋಡಿ, "ಎತ್ತಿನ ಗಾಡಿ ತಿರುಗಿಸಿದ ಹಾಗೆ ತಿರುಗ್ತಾನೆ ನೋಡು" ಎಂದು ನಗುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ನಕ್ಕಿದ್ದೇನೆ. ಆ ನಗುವನ್ನು ನನಗೆ ನಾನೇ ಇನ್ನೂ ಕ್ಷಮಿಸಿಕೊಂಡಿಲ್ಲ.

ಅದೇ ಮಂಡಿಯ ಅಂಗಳದಲ್ಲಿ ನಾನೂ ಅಮ್ಮನೂ ಅಡಿಕೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದೆವು. ಒಳ್ಳೆಯದು, ಒಡಕು, ಹುಳ ಹಿಡಿದದ್ದು ಎಂದು ಬೇರೆ ಬೇರೆ ರಾಶಿ ಮಾಡುವುದು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡು ನಾನು ತವರಿಗೆ ಬಂದಿದ್ದೆ. ಇಪ್ಪತ್ತೆರಡು ದಾಟಿರಲಿಲ್ಲ. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಅಂಗಳದ ಬಿಸಿಲಲ್ಲೇ. ಹೆಂಗಸರಿಗೆಂದು ಕುಡಿಯುವ ನೀರಿನ ಒಂದು ಕೊಡ ಇರಲಿಲ್ಲ. ಗಂಡಸರ ಕೊಡವನ್ನು ನಾವು ಮುಟ್ಟುವಂತಿರಲಿಲ್ಲ. ರಾಶಿಯಲ್ಲಿ ಒಂದು ಹುಳುಕು ಅಡಿಕೆ ಸಿಕ್ಕರೆ ಅರ್ಧ ದಿನದ ಕೂಲಿ ಹೋಯಿತು.

ಮಂಡಿಯ ಸಾವ್ಕಾರ್ರ ಹೆಸರು ಬೇಡ. ಊರಿಗೇ ಧರ್ಮಿಷ್ಠರು. ಹಣೆಯ ತುಂಬ ಗಂಧ. ಯಾವ ದೇವಸ್ಥಾನದ ಜೀರ್ಣೋದ್ಧಾರವಾದರೂ ರಸೀದಿ ಪುಸ್ತಕದ ಮೊದಲ ಹಾಳೆ ಅವರದು. ನಮ್ಮ ಹಮಾಲರ ಕೇರಿಯಲ್ಲಿ ಒಂದು ಸಣ್ಣ ಮಾರುತಿ ಗುಡಿಯಿತ್ತು. ಅಲ್ಲಿನ ಭಜನಾ ಮಂಡಳಿಗೆ ಹಾರ್ಮೋನಿಯಂ ಕೊಟ್ಟವರು ಅವರೇ. ಶನಿವಾರ ಸಂಜೆ ತಪ್ಪದೆ ಬಂದು, ಜಮಖಾನದ ಮೇಲೆ ಕೂತು, ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು. ವಾರವಿಡೀ ಅವರ ಮೂಟೆ ಹೊತ್ತವರು ಅವರ ಎದುರು ಕೂತು ದೇವರ ನಾಮ ಹಾಡುತ್ತಿದ್ದರು. ಹೆಂಗಸರು ಹೊರಗಿನ ಜಗಲಿಯಲ್ಲಿ. ವಿಧವೆಯಾದ ನಾನು ಜಗಲಿಯ ಕೊನೆಯಲ್ಲಿ.

ಶರಾವತಿಗೆ ಅಣೆಕಟ್ಟು ಕಟ್ಟಿ ಹೊಸನಗರದ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿದ ಮರುವರ್ಷ ಇರಬೇಕು, ಮಂಡಿಗೆ ಹೊಸ ಗೋಣಿಚೀಲಗಳು ಬಂದವು. ಹಳೆಯದಕ್ಕಿಂತ ಒಂದು ಗೇಣು ಉದ್ದ, ಅರ್ಧ ಗೇಣು ಅಗಲ. ಹಮಾಲರ ಕೂಲಿ ಮೂಟೆಗೆ ಇಷ್ಟು ಅಂತ. ಮೂಟೆ ದೊಡ್ಡದಾಯಿತು, ಕೂಲಿ ಇದ್ದಲ್ಲೇ ಇತ್ತು. ಇದಕ್ಕೆ ಕಳ್ಳತನ ಅನ್ನದೆ ಬೇರೆ ಏನನ್ನಬೇಕೋ ನನಗೆ ಗೊತ್ತಿಲ್ಲ. ಮನೆಗೆ ಕನ್ನ ಹಾಕಿದರೆ ಪೊಲೀಸು ಬರುತ್ತಾನೆ. ಮನುಷ್ಯನ ಬೆನ್ನುಮೂಳೆಗೆ ಕನ್ನ ಹಾಕಿದರೆ ಯಾರು ಬರುತ್ತಾರೆ?

ಅಪ್ಪನ ಜೊತೆಗಾರನೊಬ್ಬ ಇದ್ದ. ಅಪ್ಪನ ತಲೆಗೆ ಮೂಟೆ ಎತ್ತಿ ಕೊಡುವವನು ಅವನು, ಅವನ ತಲೆಗೆ ಎತ್ತಿ ಕೊಡುವವನು ಅಪ್ಪ. ನಾವು ಅವನನ್ನು ಸಾಬ್ರ ಮಾಮ ಎಂದೂ ಅವನ ಹೆಂಡತಿಯನ್ನು ಬೂಬಮ್ಮ ಎಂದೂ ಕರೆಯುತ್ತಿದ್ದೆವು. ಮಸೀದಿಯ ಹಿಂದಿನ ಓಣಿಯಲ್ಲಿ ಅವರ ಮನೆ. ಬೂಬಮ್ಮ ಬೀಡಿ ಕಟ್ಟುತ್ತಿದ್ದಳು.

ಆ ದಿನ ಸಾಬ್ರ ಮಾಮ ಹೊಸ ಮೂಟೆ ಹೊತ್ತು ಲಾರಿಗೆ ಹಾಕಿದ ಹಲಗೆ ಏರುತ್ತಿದ್ದ. ನಾನು ಹತ್ತು ಮಾರು ದೂರದಲ್ಲಿ ಅಡಿಕೆ ಆರಿಸುತ್ತಿದ್ದೆ. ಹಲಗೆ ಬಾಗಿದ್ದು ಕಂಡಿತು. ಅವನು "ಯಾ ಅಲ್ಲಾ" ಅಂದದ್ದು ಕೇಳಿತು. ಮುಂದಿನ ಗಳಿಗೆಯಲ್ಲಿ ಅವನು ಕೆಳಗೆ, ಮೂಟೆ ಅವನ ಸೊಂಟದ ಮೇಲೆ. ಚೀಲ ಒಡೆದು ಅಡಿಕೆ ಅಂಗಳದ ತುಂಬ ಚೆಲ್ಲಿತು.

ಸಾವ್ಕಾರ್ರು ಗದ್ದುಗೆಯಿಂದ ಎದ್ದು ಬಂದರು. ಬಂದು ಹೇಳಿದ ಮೊದಲ ಮಾತು ಇದು: "ಎಂತ ನೋಡ್ತಾ ಕೂತಿದೀರ? ಅಡಿಕೆ ತುಳಿದು ಹಾಳಾಗ್ತದೆ, ಮೊದ್ಲು ಆರಿಸ್ರೇ!"

ನಾವು ಆರಿಸಿದೆವು. ಅದನ್ನು ಬರೆಯದೆ ಬಿಟ್ಟರೆ ಈ ಬರಹವೇ ಸುಳ್ಳಾಗುತ್ತದೆ. ಒಬ್ಬ ಮನುಷ್ಯ ನೆಲದಲ್ಲಿ ಬಿದ್ದು ಒದ್ದಾಡುತ್ತಿದ್ದ, ಅವನ ಸುತ್ತ ಹದಿನಾಲ್ಕು ಜನ ಹೆಂಗಸರು ಕುಕ್ಕರುಗಾಲಲ್ಲಿ ಕೂತು ಅಡಿಕೆ ಹೆಕ್ಕಿದೆವು. ಅವನ ಅಂಗೈ ಕೆಳಗಿದ್ದ ಎರಡು ಅಡಿಕೆಯನ್ನು ನಾನೇ ಬಿಡಿಸಿ ಬುಟ್ಟಿಗೆ ಹಾಕಿದೆ. ಅಪ್ಪನೂ ಉಳಿದವರೂ ಒಂದು ಬಾಗಿಲು ಕಿತ್ತು ತಂದು ಅದರ ಮೇಲೆ ಅವನನ್ನು ಆಸ್ಪತ್ರೆಗೆ ಹೊತ್ತರು. ಸೊಂಟದ ಮೂಳೆ ಮುರಿದಿತ್ತು. ಸಂಜೆ ಸಾವ್ಕಾರ್ರು ಒಂದು ಬಾಳೆಗೊನೆ ಕಳಿಸಿದರು. ಜೊತೆಗೆ, "ಎಲ್ಲ ದೇವರ ಇಚ್ಛೆ, ಧೈರ್ಯವಾಗಿರಲಿ" ಎಂಬ ಮಾತು.

ಚೀಲ ಹೊಲಿಸಿದವನು ಇವನು, ಇಚ್ಛೆ ದೇವರದಂತೆ!

ಆ ಶನಿವಾರ ಭಜನೆಗೆ ಸಾವ್ಕಾರ್ರು ಎಂದಿನಂತೆ ಬಂದು ಜಮಖಾನದ ಮೇಲೆ ಕೂತರು. ಅಪ್ಪ ತಾಳ ಎತ್ತಿಕೊಳ್ಳಲಿಲ್ಲ. ಮಂಡಳಿಯವರೂ ಸುಮ್ಮನೆ ಕೂತರು.

"ಶುರು ಮಾಡ್ರೋ, ಹೊತ್ತಾಯ್ತು" ಎಂದರು ಸಾವ್ಕಾರ್ರು.

ಅಪ್ಪ ಎದ್ದು ಕೈಮುಗಿದ. ಮೊದಲು ಮಾರುತಿಗೆ, ಆಮೇಲೆ ಅವರಿಗೆ. "ಸಾವ್ಕಾರ್ರೇ, ಚೀಲ ಹಳೇ ಅಳತೆಗೆ ಬರೋ ತನಕ ನಾವು ಮೂಟೆ ಮುಟ್ಟಲ್ಲ. ಸಾಬ್ರ ಮನೆ ಖರ್ಚು ಅವನು ಎದ್ದು ಕೂರೋವರೆಗೆ ನೀವು ನೋಡ್ಕಬೇಕು."

"ಗುಡೀಲಿ ವ್ಯಾಪಾರದ ಮಾತಾಡ್ತೀಯನಾ? ನಾಚಿಕೆ ಆಗಲ್ವ ನಿಂಗೆ?"

"ಮಂಡೀಲಿ ಆಡಿದ್ರೆ ನೀವು ಕೇಳಲ್ಲ. ಇಲ್ಲಾದ್ರೆ ನಿಮ್ಮ ಹಿಂದೆ ಅವ್ನೂ ಕೇಳ್ತಾನೆ" ಎಂದು ಅಪ್ಪ ಗರ್ಭಗುಡಿಯ ಕಡೆ ಕೈ ತೋರಿಸಿದ.

ಸಾವ್ಕಾರ್ರು ಎದ್ದರು. ಬಾಗಿಲ ಹತ್ತಿರ ನಿಂತು ತಮ್ಮ ಆಳಿಗೆ, "ಆ ಪೆಟ್ಟಿಗೆ ತಗೊಂಡು ಬಾರೋ" ಎಂದರು. ದೇವರಿಗೆ ಕೊಟ್ಟ ಹಾರ್ಮೋನಿಯಂ ಹೊತ್ತುಕೊಂಡು ಆಳು ಅವರ ಹಿಂದೆ ಹೋದ. ಜಗಲಿಯಲ್ಲಿದ್ದ ನಾವು ಕಾಲು ಮಡಚಿ ದಾರಿ ಬಿಟ್ಟೆವು. ದೇವರಿಗೆ ಕೊಟ್ಟದ್ದನ್ನು ವಾಪಸು ಒಯ್ಯುವುದನ್ನು ನಾನು ನೋಡಿದ್ದು ಅದೇ ಮೊದಲು.

ಹಮಾಲರಲ್ಲಿ ಅರ್ಧದಷ್ಟು ಜನ ಮುಸ್ಲಿಮರು. ಅವರು ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತ್ತರ ಹತ್ತಿರ ಹೋದರು. ಹಜರತ್ತರು ವಯಸ್ಸಾದವರು, ಕಣ್ಣು ಮಂಜು. ಮಸೀದಿಯ ಕಮಿಟಿಯಲ್ಲೂ ವ್ಯಾಪಾರಿಗಳಿದ್ದರು. ಅವರಲ್ಲೊಬ್ಬರು, "ಪೇಟೆಯ ಜಗಳ ಮಸೀದಿಗೆ ತರಬೇಡಿ, ನಾವೂ ಅವರ ಜೊತೆ ವ್ಯವಹಾರ ಮಾಡಬೇಕು" ಎಂದರಂತೆ. ದೇವರು ಯಾರವನಾದರೂ ಕಮಿಟಿ ಒಂದೇ. ಆದರೆ ಅದೇ ಸಂಜೆ ನಮಾಜಿನ ನಂತರ ಹಜರತ್ತರು ಎದ್ದು ನಿಂತು ಹೇಳಿದ್ದನ್ನು ಬೂಬಮ್ಮ ನಮಗೆ ಬಂದು ಹೇಳಿದಳು: "ಕೂಲಿಯವನ ಬೆವರು ಆರೋ ಮೊದ್ಲೇ ಅವನ ಕೂಲಿ ಕೊಡಬೇಕು ಅಂತ ನಮ್ಮ ಪ್ರವಾದಿಗಳು ಹೇಳಿದಾರೆ. ಇಲ್ಲಿ ಬೆವರಲ್ಲ, ರಕ್ತ ಬಿದ್ದಿದೆ. ನಾನು ಸುಮ್ನಿದ್ರೆ ನಾಳೆ ಅಲ್ಲಾಹನ ಮುಂದೆ ಎಂತ ಹೇಳ್ಲಿ?"

ಮಸೀದಿಯ ದೊಡ್ಡ ತಾಮ್ರದ ಹಂಡೆಯನ್ನು ಅವರು ನಮ್ಮ ಗುಡಿಯ ಅಂಗಳಕ್ಕೆ ಕಳಿಸಿದರು. ಎರಡು ಕೇರಿಗೂ ಒಂದೇ ಗಂಜಿ. ನಮ್ಮವರಲ್ಲಿ ಕೆಲವರು ಹಿಂದೆಮುಂದೆ ನೋಡಿದರು. ಅದರಲ್ಲಿ ಮಾಂಸ ಬೇಯಿಸಿರುತ್ತಾರೆ ಎಂದು ಪಿಸುಗುಟ್ಟಿದರು. ಅಮ್ಮ ಹುಣಸೆಹಣ್ಣು ಹಾಕಿ ಹಂಡೆಯನ್ನು ಫಳಫಳ ಬೆಳಗಿದಳು. "ನೋಡ್ರಿ, ತಾಮ್ರಕ್ಕೆ ಯಾವ ಜಾತಿ ಕಾಣ್ತದೆ? ಹಸಿವಾದವ್ರು ಉಣ್ಣಿ, ಹಸಿವಾಗದವ್ರು ಸಾವ್ಕಾರ್ರ ಮನೆಗೆ ಹೋಗಿ" ಎಂದಳು. ಅಕ್ಕಿ ಎರಡು ಕಡೆಯಿಂದಲೂ ಬಂತು. ಗುಡಿಯ ಹರಕೆಯ ಅಕ್ಕಿ, ಮಸೀದಿಗೆ ಜಕಾತೆಂದು ಬಂದ ದಾನದ ಅಕ್ಕಿ.

ಹೆಂಗಸರು ನಾವು ಬೆಳಿಗ್ಗೆ ಗಂಜಿ ಕಾಯಿಸಿ, ಹೊತ್ತೇರುವ ಮೊದಲು ಮಂಡಿಯ ಗೇಟಿನ ಎದುರು ಸಾಲಾಗಿ ಕೂರುತ್ತಿದ್ದೆವು. ಅಡಿಕೆ ಆರಿಸುವ ಕೆಲಸವನ್ನು ನಾವೂ ಬಿಟ್ಟಿದ್ದೆವು. ನಮ್ಮದೂ ಬೇಡಿಕೆಯಿತ್ತು: ಕೂಲಿ ಸ್ವಲ್ಪ ಹೆಚ್ಚಾಗಬೇಕು, ಹುಳುಕಿನ ಹೆಸರಲ್ಲಿ ಕೂಲಿ ಹಿಡಿಯಬಾರದು, ಕುಡಿಯಲು ನೀರು ಬೇಕು. ಅಪ್ಪ ಅದನ್ನು ಹಮಾಲರ ಬೇಡಿಕೆಯ ಕೆಳಗೆ ಬರೆಸಿದ್ದ. ಹಾರ್ಮೋನಿಯಂ ಇಲ್ಲದಿದ್ದರೆ ಏನಾಯಿತು, ತಾಳ ಇತ್ತು. ಗುಡಿಯ ಒಳಗೆ ನಮಗೆ ಹಾಡಲು ಬಿಡುತ್ತಿರಲಿಲ್ಲ. ಬೀದಿಯಲ್ಲಿ ಯಾರ ಅಪ್ಪಣೆ? ಗಂಟಲು ಬಿಟ್ಟು ಹಾಡಿದೆವು. ಬೂಬಮ್ಮ ಹಾಡುತ್ತಿರಲಿಲ್ಲ. ತಲೆಗೆ ಸೆರಗು ಹೊದ್ದು ನನ್ನ ಪಕ್ಕ ಕೂತು ಮೊಣಕಾಲ ಮೇಲೆ ಬೆರಳಿಂದ ತಾಳ ಹಾಕುತ್ತಿದ್ದಳು.

ನಾಲ್ಕನೇ ದಿನ ಹೊಸನಗರದ ಕಡೆಯಿಂದ ಲಾರಿ ಬಂತು. ಅದರ ತುಂಬ ಜನ. ಮುಳುಗಡೆಯಿಂದ ಎದ್ದು ಬಂದವರು. ಗೇಣಿ ಮಾಡಿಕೊಂಡಿದ್ದ ಗದ್ದೆ ನೀರಿಗೆ ಹೋಗಿತ್ತು, ಪರಿಹಾರದ ಹಣ ಗದ್ದೆಯ ಒಡೆಯರಿಗೆ ಹೋಗಿತ್ತು. ಇವರ ಪಾಲಿಗೆ ಉಳಿದದ್ದು ಕೈಕಾಲು ಮಾತ್ರ. ಆ ಕೈಕಾಲನ್ನು ಸಾವ್ಕಾರ್ರು ನಮ್ಮ ಮೇಲೆ ಬಿಟ್ಟರು. ಲಾರಿಯ ಹಿಂದಿನಿಂದ ಇಳಿದವರಲ್ಲಿ ಅಮ್ಮನ ತಮ್ಮ, ನನ್ನ ಸೋದರಮಾವನೂ ಇದ್ದ.

ಅಮ್ಮನನ್ನು ಕಂಡು ಅವನ ಮುಖ ಕಪ್ಪಿಟ್ಟಿತು. "ಅಕ್ಕಾ, ನೀ ಈ ಗೇಟಲ್ಲಿ ಕೂತಿದೀಯ ಅಂತ ಗೊತ್ತಿರಲಿಲ್ಲ ಕಣೆ."

"ಗೊತ್ತಿದ್ರೆ ಬರ್ತಿರಲಿಲ್ವನಾ?"

"ಬರ್ತಿದ್ದೆ. ಮಕ್ಕಳು ಗೆಣಸು ಬೇಯಿಸ್ಕೊಂಡು ತಿಂತಾ ಇದಾವೆ. ನಂಗೆ ಬೇರೆ ಎಂತ ದಾರಿ ಇದೆ ಹೇಳು."

ನನಗೆ ಆಗ ಬಂದ ಸಿಟ್ಟಿಗೆ ಯಾರ ಮುಖ ಕೊಡಬೇಕೋ ತಿಳಿಯಲಿಲ್ಲ. ಮಾವನ ಗದ್ದೆ ಮುಳುಗಿಸಿ ಮಾಡಿದ ಕರೆಂಟಿನ ಬಲ್ಬು ಸಾವ್ಕಾರ್ರ ಗದ್ದುಗೆಯ ಮೇಲೆ ಹಾಡುಹಗಲೇ ಉರಿಯುತ್ತಿತ್ತು. ನಮ್ಮ ಎರಡು ಕೇರಿಗಳಲ್ಲಿ ಚಿಮಣಿ ದೀಪ. ಅಮ್ಮ ಜಗಳ ಆಡಲಿಲ್ಲ. "ಬಂದವ್ರು ಮೊದ್ಲು ಉಣ್ಣಿ" ಎಂದು ಅಷ್ಟೂ ಜನರನ್ನು ಗುಡಿಯ ಅಂಗಳಕ್ಕೆ ಕರೆದೊಯ್ದಳು. ಗಂಜಿ ಉಂಡ ಮೇಲೆ ಹಜರತ್ತರು ಅವರಲ್ಲಿ ಕೆಲವರನ್ನು ಸಾಬ್ರ ಮಾಮನ ಮನೆಗೆ ಕರೆದುಕೊಂಡು ಹೋಗಿ ತೋರಿಸಿದರು. ಹಾಸಿಗೆಯಲ್ಲಿ ಬಿದ್ದವನನ್ನು ನೋಡಿ ಬಂದ ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದ. ಉಳಿದವರೂ ಎದ್ದರು. ಲಾರಿ ಅವರನ್ನು ವಾಪಸು ಕರೆದೊಯ್ಯಲಿಲ್ಲ. ಹೊಸನಗರದ ದಾರಿಯಲ್ಲಿ ನಡೆದೇ ಹೋದರು, ಬರಿಗೈಯಲ್ಲಿ. ನಮ್ಮ ಗೆಲುವಿಗೆ ಎಲ್ಲರಿಗಿಂತ ಹೆಚ್ಚು ಕೊಟ್ಟವರು ಅವರು. ಅವರ ಹೆಸರನ್ನು ಆಮೇಲೆ ಯಾರೂ ಎತ್ತಲಿಲ್ಲ.

ಸಾವ್ಕಾರ್ರು ಇನ್ನೊಂದು ಉಪಾಯ ಮಾಡಿದರು. ಗುಮಾಸ್ತರ ಕೈಯಿಂದಲೇ ಒಂದು ಲಾರಿ ಅಡಿಕೆ ತುಂಬಿಸಿ ತೀರ್ಥಹಳ್ಳಿಯ ತಮ್ಮ ಭಾವನ ಮಂಡಿಗೆ ಕಳಿಸಿದರು. ಅಪ್ಪನೂ ಹಜರತ್ತರೂ ಮೊದಲ ಬಸ್ಸು ಹತ್ತಿದರು. ಅಲ್ಲಿನ ಹಮಾಲರು ತುಂಗೆಯ ಮಳಲಿನ ಮೇಲೆ ಸೇರಿದ್ದರಂತೆ. "ನಿಮ್ಮೂರ ಜಗಳ ನಮಗ್ಯಾಕೆ?" ಎಂದು ಕೇಳಿದರಂತೆ. ಅಪ್ಪ ಭಾಷಣ ಮಾಡುವವನಲ್ಲ. ಕಂಕುಳಲ್ಲಿ ಮಡಚಿ ಒಯ್ದಿದ್ದ ಹೊಸ ಚೀಲವನ್ನು ಮಳಲಿನ ಮೇಲೆ ಹಾಸಿ, ಅದರ ಮೇಲೆ ಅವರದೇ ಹಳೆಯ ಚೀಲವೊಂದನ್ನು ಹಾಸಿದ. ಒಬ್ಬ ಮುದುಕ ಬಗ್ಗಿ ಗೇಣು ಹಾಕಿ ನೋಡಿದ. ಇನ್ನೊಮ್ಮೆ ಹಾಕಿದ. "ನಾಳೆ ಈ ಚೀಲ ಇಲ್ಲಿಗೂ ಬರ್ತದೆ" ಎಂದರಂತೆ ಹಜರತ್ತರು. ಲಾರಿ ಎರಡು ದಿನ ತೀರ್ಥಹಳ್ಳಿಯ ಬೀದಿಯಲ್ಲಿ ತುಂಬಿಕೊಂಡೇ ನಿಂತಿತ್ತು.

ಹನ್ನೊಂದನೇ ದಿನ ಅಮಲ್ದಾರರ ಕಚೇರಿಯಲ್ಲಿ ರಾಜಿಯಾಯಿತು. ಅಪ್ಪ ಮನೆಗೆ ಬಂದಾಗ ಅವನ ಮುಖದಲ್ಲಿದ್ದ ಕಳೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಗೆದ್ವಿ ಕಣ್ರೇ! ಚೀಲ ಹಳೇ ಅಳತೆಗೇ. ಸಾಬ್ರಿಗೂ ಒಂದಿಷ್ಟು ಕೊಡ್ತಾರಂತೆ."

ಅಮ್ಮ ದೇವರ ಪಟಕ್ಕೆ ಕೈಮುಗಿದಳು. ನಾನು ಕೇಳಿದೆ, "ನಮ್ದು?"

"ಯಾವ್ದು?"

"ಅಡಿಕೆ ಆರಿಸೋರ್ದು. ಕೂಲಿ, ನೀರು."

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ಅಷ್ಟೊತ್ತಿಗೆ ಅಮಲ್ದಾರರು ಎದ್ದುಬಿಟ್ರು. ಸಾವ್ಕಾರ್ರು ಅದೊಂದು ಬಿಡಿ ಅಂದ್ರು. ಎಳೆದ್ರೆ ಇದ್ದಿದ್ದೂ ಹೋಗ್ತದೆ. ಮುಂದಿನ ಸಲ ನೋಡಣ."

ಮುಂದಿನ ಸಲ! ಹಂಡೆ ಬೆಳಗಿದ್ದು ನಾವು. ಗಂಜಿ ಕಾಯಿಸಿದ್ದು ನಾವು. ಹನ್ನೊಂದು ದಿನ ಬಿಸಿಲಲ್ಲಿ ಕೂತು ಗಂಟಲು ಹರಿದುಕೊಂಡವರು ನಾವು. ಪೊಲೀಸರು ಲಾಠಿ ಹಿಡಿದು ಬಂದಾಗ, "ಹೆಂಗಸರು ಮುಂದೆ ಕೂರ್ಲಿ, ಹೊಡೆಯಲ್ಲ" ಎಂದು ನಮ್ಮನ್ನು ಮುಂದಕ್ಕೆ ತಳ್ಳಿದವರು ಇದೇ ಗಂಡಸರು. ರಾಜಿಯ ಮೇಜಿನ ಹತ್ತಿರ ನಮ್ಮ ನೆನಪು ಕೊನೆಗೆ ಬಂತು, ಬಂದದ್ದೇ ಬಿಟ್ಟೂ ಹೋಯಿತು. ಸಾವ್ಕಾರ್ರು ನಮಗೆ ವೈರಿ, ಅವರ ಮೇಲಿನ ಸಿಟ್ಟು ಸಲೀಸು. ಅಪ್ಪನ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಡಲಿ? ಅವನ ಗಂಜಿಯ ತಟ್ಟೆ ಮುಂದಿಟ್ಟು ನಾನು ಹೊರಗೆ ಬಂದೆ.

ಶನಿವಾರ ಗುಡಿಯಲ್ಲಿ ಗೆಲುವಿನ ಭಜನೆ. ನಾವು ಹದಿನಾಲ್ಕು ಜನ ಹೋದೆವು. "ಹೆಂಗಸರೆಲ್ಲ ಜಗಲೀಲಿ ಕೂರಿ" ಎಂದು ಮಂಡಳಿಯವನೊಬ್ಬ ಎಂದಿನಂತೆ ಹೇಳಿದ. ನಾವು ಕೂರಲಿಲ್ಲ, ಹಾಗೇ ಮನೆಗೆ ಮರಳಿದೆವು. ದಾರಿಯಲ್ಲಿ ಬೂಬಮ್ಮನ ಮನೆ ಹೊಕ್ಕೆವು. ಅವಳು ಅಡಿಕೆ ಆರಿಸುವವಳಲ್ಲ, ಅವಳ ಗಂಡನಿಗೆ ಸಿಗಬೇಕಾದದ್ದು ಸಿಕ್ಕಿತ್ತು. ನಮ್ಮ ಮಾತು ಕೇಳಿ ಬೀಡಿಯ ಮೊರ ಪಕ್ಕಕ್ಕೆ ಸರಿಸಿದಳು. "ಸೋಮವಾರ ಎಷ್ಟೊತ್ತಿಗೆ?" ಎಂದಷ್ಟೇ ಕೇಳಿದಳು.

ಸೋಮವಾರ ಬೆಳಿಗ್ಗೆ ಹಮಾಲರು ಕೆಲಸಕ್ಕೆ ಬಂದಾಗ ಅದೇ ಗೇಟಿನ ಎದುರು ನಾವು ಕೂತಿದ್ದೆವು. ಅದೇ ಹಾಡು, ಅದೇ ತಾಳ. ಒಳಗೆ ಹೋಗಬೇಕಾದರೆ ನಮ್ಮನ್ನು ದಾಟಿಕೊಂಡೇ ಹೋಗಬೇಕು.

ಮೊದಲು ದಾಟಿದವನು ಅದೇ ಜಗಲಿ ತೋರಿಸಿದವನು. ಅವನ ಹಿಂದೆ ಮತ್ತೊಬ್ಬ, "ದಾರಿ ಬಿಡ್ರೇ, ನಮ್ಮ ಅನ್ನಕ್ಕೆ ಮಣ್ಣು ಹಾಕ್ಬೇಡಿ" ಎನ್ನುತ್ತ. ಹಜರತ್ತರು ಸುದ್ದಿ ಕೇಳಿ ಕೋಲು ಊರಿಕೊಂಡು ಬಂದರು. ಅವರೂ ನಮ್ಮ ಕಡೆ ನೋಡಲು ಸಂಕೋಚ ಪಟ್ಟರು, ಹೆಂಗಸರು ಬೀದಿಯಲ್ಲಿ ಕೂತದ್ದು ಅವರಿಗೆ ಹಿತವಾಗಿರಲಿಲ್ಲ. ಆದರೂ ಹಮಾಲರ ಕಡೆ ತಿರುಗಿ, "ಇವರು ಕಾಯಿಸಿದ ಗಂಜಿ ನೀವು ಉಂಡಿದೀರಿ. ಅದನ್ನ ನೆನೆದು ದಾಟೋರು ದಾಟಿ" ಎಂದರು. ಕೆಲವರು ನಿಂತರು, ಹಿಂದೂಗಳೂ ಮುಸ್ಲಿಮರೂ. ಕೆಲವರು ಗೋಡೆಯ ಕಡೆಯಿಂದ ನುಸುಳಿ ಹೋದರು, ಅವರಲ್ಲೂ ಎರಡೂ ಕಡೆಯವರಿದ್ದರು.

ಅಪ್ಪ ಬಂದ. ಹೆಗಲ ಮೇಲೆ ಮೂಟೆ ಎಳೆಯುವ ಕೊಕ್ಕೆ. ನನ್ನ ಎದುರು, ಅಮ್ಮನ ಎದುರು ನಿಂತ. ನಾನು ಹಾಡುವುದನ್ನು ನಿಲ್ಲಿಸಲಿಲ್ಲ. ಅವನು ಕೂರುತ್ತಾನೆ ಎಂದುಕೊಂಡೆ. ಮಾರುತಿಯ ಎದುರು ಸಾವ್ಕಾರ್ರಿಗೆ ಉತ್ತರ ಕೊಟ್ಟವನು ಇಲ್ಲಿ ಕೂರದಿರುತ್ತಾನೆಯೇ? ಅವನು ದಾಟಲೂ ಇಲ್ಲ, ಕೂರಲೂ ಇಲ್ಲ. ಬಹಳ ಹೊತ್ತು ನಿಂತು, ಬಂದ ದಾರಿಯಲ್ಲೇ ಮನೆಗೆ ಹೋದ.

ಮಧ್ಯಾಹ್ನದ ಹೊತ್ತಿಗೆ ಗುಮಾಸ್ತ ಬಂದ. ಆರಿಸದ ಅಡಿಕೆ ರಾಶಿ ಬಿದ್ದಿತ್ತು, ಹೊತ್ತವರು ಅರ್ಧ ಜನ ಮಾತ್ರ. ಸಾವ್ಕಾರ್ರು ಒಪ್ಪಿದ್ದಾರೆ ಎಂದ. ಕೂಲಿಯಲ್ಲಿ ಸ್ವಲ್ಪ ಹೆಚ್ಚು, ಒಂದು ನೀರಿನ ಕೊಡ. ಹುಳುಕಿನ ಕೂಲಿ ಹಿಡಿಯುವುದು ಮಾತ್ರ ಹಾಗೇ. ಇನ್ನೊಂದು ಷರತ್ತು: ಇದನ್ನೆಲ್ಲ ಹೊತ್ತಿಸಿದ ಮೂವರು ಇನ್ನು ಮಂಡಿಗೆ ಕಾಲಿಡಬಾರದು. ಮೂವರಲ್ಲಿ ನಾನೊಬ್ಬಳು.

ಎಲ್ಲರೂ ನನ್ನ ಮುಖ ನೋಡಿದರು. "ಒಪ್ಕೊಳ್ರೇ" ಎಂದೆ. ಬಾಯಲ್ಲಿ ಹಾಗೆ ಹೇಳುತ್ತ ಮನಸ್ಸಿನಲ್ಲಿ ಒಪ್ಪಬೇಡಿ, ಒಪ್ಪಬೇಡಿ ಎಂದು ಕೂಗುತ್ತಿದ್ದೆ. ಅವರಿಗೆ ಬಾಯಿಯ ಮಾತೇ ಕೇಳಿಸಿತು. ತಪ್ಪಲ್ಲ, ಮನೆಯಲ್ಲಿ ಒಲೆ ಉರಿಯಬೇಕಿತ್ತು. ಅಮ್ಮನೂ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕಡೆ ನೋಡದೆ ಒಳಗೆ ಹೋದಳು. ಹೆಂಗಸರಿಗೆಂದು ಬಂದ ಹೊಸ ಕೊಡದ ನೀರನ್ನು ನಾನು ಒಂದು ಸಲವೂ ಕುಡಿಯಲಿಲ್ಲ.

ಬೂಬಮ್ಮ ನನಗೆ ಬೀಡಿ ಕಟ್ಟುವುದನ್ನು ಕಲಿಸಿದಳು. ಸಾಬ್ರ ಮಾಮ ಎದ್ದು ಕೂರುವ ಹಾಗಾದ, ನೆಟ್ಟಗೆ ನಡೆಯುವ ಹಾಗೆ ಆಗಲೇ ಇಲ್ಲ. ರೈಲ್ವೆ ಸ್ಟೇಷನ್ನಿನ ಹತ್ತಿರ ಕಡಲೆಕಾಯಿ ಮಾರಿದ. ಸಾವ್ಕಾರ್ರು ಹಾರ್ಮೋನಿಯಮ್ಮನ್ನು ಇನ್ನೊಂದು ಗುಡಿಗೆ ಕೊಟ್ಟು ಅಲ್ಲಿ ಶಾಲು ಹೊದಿಸಿಕೊಂಡರು. ಊರು ಕೊನೆಯವರೆಗೂ ಅವರನ್ನು ಧರ್ಮಿಷ್ಠರೆಂದೇ ಕರೆಯಿತು. ಯಾರಾದರೂ ನನ್ನೆದುರು ಆ ಮಾತು ಹೇಳಿದರೆ ನಾನು ಈಗಲೂ ಎದ್ದು ಹೋಗುತ್ತೇನೆ.

ಅಪ್ಪ ಆ ಸೋಮವಾರದ ಮಾತನ್ನು ಎರಡು ವರ್ಷ ಎತ್ತಲಿಲ್ಲ. ಆಮೇಲೆ ಒಂದು ದಿನ ನಾನು ಹೊರಗೆ ಕೂತು ಬೀಡಿ ಕಟ್ಟುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತ. ಕತ್ತರಿ ತೆಗೆದುಕೊಂಡು ಎಲೆ ಕತ್ತರಿಸತೊಡಗಿದ. ನಾಲ್ಕಾರು ಎಲೆ ಅಂಕುಡೊಂಕಾಗಿ ಕತ್ತರಿಸಿದ ಮೇಲೆ ಹೇಳಿದ: "ನಾನು ಅವತ್ತು ಕೂರ್ಬೇಕಿತ್ತು ಕಣೆ."

ಅವನಿಗೆ ಸಮಾಧಾನ ಹೇಳಬಹುದಿತ್ತು. ಹೋಗಲಿ ಬಿಡಪ್ಪ ಅನ್ನಬಹುದಿತ್ತು. ಅವನು ಅದಕ್ಕಾಗಿ ಕಾಯುತ್ತಿದ್ದ ಎನ್ನುವುದೂ ನನಗೆ ಗೊತ್ತಿತ್ತು.

"ಹೌದು, ಕೂರ್ಬೇಕಿತ್ತು" ಎಂದೆ.

ಅವನು ತಲೆಯಾಡಿಸಿ ಇನ್ನೊಂದು ಎಲೆ ಎತ್ತಿಕೊಂಡ.